ಕೋಲು ಮುರಿದ ಮೇಲಿನ ಹಾಡು

ಅಕ್ಕಾ,

ನಾನು ಮೈಕ್ ಜೋಡಿಸುವ ರೆಕಾರ್ಡಿಂಗ್ ಕೋಣೆಗೆ ಈ ವಾರ ಒಂದು ರಾಕ್ ತಂಡ ಆಲ್ಬಂ ಮಾಡಲು ಬಂದಿದೆ. ಮೊದಲ ದಿನ ಕೇಳಿದಾಗ ಅಟ್ಟದಿಂದ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದ ಹಾಗಿತ್ತು. ಇಂದು ಹಾಡಿನ ನಡುವೆ ಡ್ರಮ್ ಬಾರಿಸುವಾಕೆಯ ಕೋಲು ಮುರಿಯಿತು. ಆಕೆ ನಿಲ್ಲಿಸದೆ, ಇನ್ನೊಂದು ಕೋಲನ್ನೂ ಎಸೆದು ಬರಿಗೈಯಲ್ಲೇ ಬಾರಿಸಿದಳು. ಅಬ್ಬರಿಸುತ್ತಿದ್ದ ಗಿಟಾರುಗಳು ಅವಳ ಅಂಗೈ ಸದ್ದಿಗೆ ತಕ್ಕಂತೆ ತಗ್ಗಿದವು. ತಾಳ ಕೂದಲೆಳೆಯಷ್ಟೂ ಜಾರಲಿಲ್ಲ. ನನ್ನ ಮೈ ಜುಮ್ಮೆಂದಿತು.

"ಮೊದಲೇ ಮಾತಾಡ್ಕೊಂಡಿದ್ರಾ?" ಎಂದು ಕೇಳಿದೆ.

"ಕೋಲೇನು ಹೇಳ್ಬಿಟ್ಟು ಮುರಿಯುತ್ತಾ?" ಎಂದು ನಕ್ಕಳು.

ಆಲ್ಬಮ್ಮಿಗೆ ಅದನ್ನೇ ಇಟ್ಟುಕೊಂಡರು.

ಹೋದ ಪತ್ರದಲ್ಲಿ ಬರೆದಿದ್ದ ಜ್ವರ ಇಳಿದಿದೆ, ಕಿವಿ ಮಾತ್ರ ಗುಂಯ್ ಎನ್ನುತ್ತಿದೆ. ಕೆಲಸ ಬಿಟ್ಟು ಊರಿಗೆ ಬಂದುಬಿಡುತ್ತೇನೆ ಎಂದೂ ಬರೆದಿದ್ದೆನಲ್ಲ, ಈಗ ಬರುವುದಿಲ್ಲ. ಅಮ್ಮನಿಗೆ ನೀನೇ ಹೇಳು, ಅವಳ ಊಟವಾದ ಮೇಲೆ.

ನಿನ್ನ ತಮ್ಮ