ನಿಮಿಷಕ್ಕೆ ಮೂವತ್ತೊಂದು ಪದ

ಜನವರಿ 8, ಸೋಮವಾರ

ಏಳರಲ್ಲಿ ಐದೇ ಮಕ್ಕಳು. ಇಬ್ಬರಿಗೆ ಕೆಮ್ಮಂತೆ. ಮೆಟ್ಟಿಲ ಕೆಳಗಿನ ಕೋಣೆ, ಮುರಿದ ಬೆಂಚು, ಗಾಳಿ ಹೋದ ಚೆಂಡುಗಳ ಮೂಟೆ — ಇದು ನನ್ನ ಓದಿನ ಕ್ಲಾಸು. ಓದಲು ತಡವರಿಸುವವರನ್ನು ದಿನಕ್ಕೊಂದು ಪೀರಿಯಡ್ ಇಲ್ಲಿಗೆ ಕಳಿಸುತ್ತಾರೆ. ಕಳಿಸುವವಳು ನಾಲ್ಕನೇ ಕ್ಲಾಸಿನ ಟೀಚರ್, ನನ್ನ ನಾದಿನಿ. ಒಂದೇ ಮನೆ, ಒಂದೇ ಶಾಲೆ. ಸ್ಟಾಫ್‌ರೂಮಿನಲ್ಲಿ ಅವಳು ನನ್ನ ಕ್ಲಾಸಿಗೆ ಇಟ್ಟ ಹೆಸರು ‘ರಿಪೇರಿ ಅಂಗಡಿ’.

ಬೀಗ ರಿಪೇರಿಯವನ ಮಗಳು — ಎಲ್ಲರಿಗೂ ಅವಳು ಸಾಸಿವೆ, ಅಷ್ಟು ಚಿಕ್ಕವಳು — ಇವತ್ತೂ ‘ಸೂರ್ಯ’ವನ್ನು ‘ಸೂಯರ್’ ಎಂದಳು. ‘ವರ್ಷ’ ಹೋಗಿ ‘ವಷರ್’. ಅರ್ಕಾವೊತ್ತು ಬರೆಯುವುದು ಆಮೇಲೆ, ಹೇಳುವುದು ಮೊದಲು. ಯಾಕೆ ಹಾಗೆ ಎಂದು ಕೇಳಿದಳು. ಕ್ಯೂನಲ್ಲಿ ಹಿಂದೆ ನಿಂತು ಎಲ್ಲರಿಗಿಂತ ಮೊದಲು ಬಾಯಿ ಹಾಕುವವರು ಇರುತ್ತಾರಲ್ಲ, ಹಾಗೆ ಎಂದೆ. ನಕ್ಕಳು. ಮೂರು ಸಲ ಸರಿಯಾಗಿ ಓದಿದಳು. ನಾಲ್ಕನೇ ಸಲ ಮತ್ತೆ ಸೂಯರ್.

ಜನವರಿ 19

‘ನಿರ್ಲಕ್ಷ್ಯದಿಂದಾಗಿ’. ನೋಡಿದ ಕೂಡಲೇ ಸಾಸಿವೆ ಪುಸ್ತಕ ಮುಚ್ಚಿಬಿಟ್ಟಳು. ತೆರೆಸಿದೆ. ಪದದ ಮೇಲೆ ರಟ್ಟಿನ ತುಂಡು ಇಟ್ಟು ಸರಿಸುತ್ತ ಹೋದೆ. ನಿರ್... ಲಕ್... ಷ್ಯ. ಬಾಲದ ‘ದಿಂದಾಗಿ’ ಅವಳಿಗೆ ಮೊದಲೇ ಗೊತ್ತು. ನಾಲ್ಕು ನಿಮಿಷ ಹಿಡಿಯಿತು. ಮೂಗಿನ ಮೇಲೆ ಬೆವರು. ಕೊನೆಗೆ ಇಡೀ ಪದ ಒಂದೇ ಉಸಿರಿಗೆ.

“ಇಷ್ಟೇನಾ ಮಿಸ್?” ಎಂದಳು.

ಇಷ್ಟೇ ಕಣೆ.

ಫೆಬ್ರವರಿ 2

ಸರ್ಕ್ಯುಲರ್ ಬಂತು. ಹದಿನೈದಕ್ಕೆ ಓದಿನ ಪರೀಕ್ಷೆ. ಹೊರಗಿನಿಂದ ಅಧಿಕಾರಿ ಬರುತ್ತಾರೆ. ಮಕ್ಕಳು ಕಂಡಿರದ ಒಂದು ಪಾಠ, ಒಂದು ನಿಮಿಷ, ಕೈಯಲ್ಲಿ ಸ್ಟಾಪ್‌ವಾಚ್. ನಲವತ್ತೈದು ಪದಕ್ಕಿಂತ ಕಡಿಮೆ ಓದಿದವರು ‘ವಿಶೇಷ ವಿಭಾಗ’ಕ್ಕೆ. ಅಂಗಳದಾಚೆಯ ಆ ಕೋಣೆಯಲ್ಲಿ ಮಣಿ ಪೋಣಿಸುತ್ತಾರೆ, ಚಿತ್ರಕ್ಕೆ ಬಣ್ಣ ತುಂಬುತ್ತಾರೆ. ಅಲ್ಲಿಂದ ಯಾರೂ ಹಿಂದಿರುಗಿ ಬಂದದ್ದು ನಾನು ಕಂಡಿಲ್ಲ.

ಫೆಬ್ರವರಿ 6, ಸಂಜೆ

ಅಡುಗೆಮನೆಯಲ್ಲಿ ನಾದಿನಿ ಒಂದು ಜೆರಾಕ್ಸ್ ಹಾಳೆ ತಂದು ಕಟ್ಟೆಯ ಮೇಲಿಟ್ಟಳು. ಪರೀಕ್ಷೆಯ ಪಾಠ! ಎಲ್ಲಿಂದ ಬಂತೆಂದು ಕೇಳಿದೆ. ಅದೆಲ್ಲ ನಿಮಗ್ಯಾಕೆ ಎಂದಳು. ಹೆಡ್‌ಮಾಸ್ಟರಿಗೆ ಗೊತ್ತಂತೆ. ನಾಳೆ ಕ್ಲಾಸಿನ ನಲವತ್ತೂ ಮಕ್ಕಳಿಗೆ ಹಂಚುತ್ತಾಳಂತೆ.

“ಅತ್ತಿಗೆ, ನಿಮ್ಮ ಏಳು ಜನಕ್ಕೆ ನೀವೂ ಸ್ವಲ್ಪ ಬಾಯಿಪಾಠ ಮಾಡ್ಸಿ. ಪಾಪ, ಅವೂ ಪಾಸಾಗ್ಲಿ.”

ನನ್ನಿಂದಾಗದು ಎಂದೆ. ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು. ತಂಗಿಯ ವಿಷಯ ಬಂದರೆ ನನ್ನ ಗಂಡನಿಗೆ ಕಿವಿ ಕೇಳಿಸುವುದಿಲ್ಲ.

ಫೆಬ್ರವರಿ 9

ಸಾಸಿವೆ ಹಾಳೆ ಹಿಡಿದು ಬಂದಳು. ಇದನ್ನು ಕಲಿಯಬೇಕಂತೆ ಎಂದಳು. ಅವಳ ಕೈಯಿಂದ ಇಸಿದುಕೊಂಡೆ. ನಿನಗೆ ಇದು ಬೇಡ, ನಿನಗೆ ಓದಲು ಬರುತ್ತದೆ ಎಂದೆ. ಎಷ್ಟು ಹೆಮ್ಮೆ ನನಗೆ. ಉಳಿದ ಆರು ಮಂದಿ ಹಾಳೆ ಬಚ್ಚಿಟ್ಟುಕೊಂಡರು. ಅವರನ್ನು ಕೇಳಲಿಲ್ಲ.

ಫೆಬ್ರವರಿ 15

ನಲ್ಲಿ ತಿರುಗಿಸಿದ ಹಾಗೆ ಸುರಿದರು ಎಲ್ಲರೂ. ಒಬ್ಬ ಬೆರಳಿಟ್ಟದ್ದು ಎರಡನೇ ಸಾಲಿನಲ್ಲಿ, ಹೇಳುತ್ತಿದ್ದದ್ದು ಐದನೆಯದು. ಅಧಿಕಾರಿ ಸ್ಟಾಪ್‌ವಾಚ್ ಬಿಟ್ಟು ಬೇರೇನೂ ನೋಡಲಿಲ್ಲ.

ಸಾಸಿವೆ ಓದಿದಳು. ನಿಜವಾಗಿ ಓದಿದ್ದು ಅವಳೊಬ್ಬಳೇ. ಉದ್ದದ ಪದ ಬಂದಲ್ಲಿ ಅಂಗೈಯಿಂದ ಮುಚ್ಚಿ, ಸರಿಸಿ, ಸೇರಿಸಿ... ಬಾಗಿಲ ಬಳಿ ನಿಂತು ಪದ ಎಣಿಸುತ್ತಿದ್ದೆ. ಮೂವತ್ತೊಂದು ಪದ.

ಹೊರಗೆ ಓಡಿಬಂದು ನನ್ನ ಸೆರಗು ಹಿಡಿದಳು. “ಒಂದೂ ತಪ್ಪಾಗ್ಲಿಲ್ಲ ಮಿಸ್.”

ಫೆಬ್ರವರಿ 28

ಪಟ್ಟಿ ಹಾಕಿದರು. ನಲವತ್ತರಲ್ಲಿ ಮೂವತ್ತೊಂಬತ್ತು ಪಾಸು. ನನ್ನ ಆರು ಮಂದಿ ಎಪ್ಪತ್ತು, ಎಂಬತ್ತು ಪದ. ಅವರಲ್ಲೊಬ್ಬನಿಗೆ ಪಟ್ಟಿಯ ತಲೆಬರಹ ಓದು ಎಂದೆ. ‘ಫಲಿತಾಂಶ’. ‘ಫ’ದಾಚೆ ಹೋಗಲಿಲ್ಲ.

ಮಧ್ಯಾಹ್ನ ಪೋಷಕರ ಸಭೆ. ರಿಪೇರಿ ಅಂಗಡಿಯ ಪವಾಡ ಎಂದು ಹೆಡ್‌ಮಾಸ್ಟರ್ ನನ್ನನ್ನು ವೇದಿಕೆಗೆ ಕರೆದರು. ಚಪ್ಪಾಳೆ. ಹೋದೆ. ನಿಂತೆ. ಕೈ ಮುಗಿದೆ.

ಮಾರ್ಚ್ 1

ಬೀಗ ರಿಪೇರಿಯವನು ಮೆಟ್ಟಿಲ ಕೆಳಗೆ ಬಂದು ನಿಂತಿದ್ದ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ಆ ಹಾಳೆ ಇವಳ ಕೈಯಿಂದ ನೀವೇ ಇಸ್ಕೊಂಡ್ರಂತೆ. ಹೌದಾ ಮೇಡಂ?”

ಹೌದು ಎಂದೆ. ಅವಳಿಗೆ ನಿಜವಾಗಿ ಓದಲು ಬರುತ್ತದೆ ಎಂದೆ.

“ಗೊತ್ತು. ಮನೇಲಿ ಔಷಧಿ ಡಬ್ಬೀನೂ ಬಿಡಲ್ಲ, ಓದ್ತಾಳೆ. ಮೊನ್ನೆ ಚಪ್ಪಾಳೆ ಹೊಡೆದ್ರಲ್ಲ, ಆಗ ಈ ಮಾತು ಯಾಕೆ ಹೇಳ್ಲಿಲ್ಲ?”

ಉತ್ತರ ಇತ್ತು. ಹೇಳಿದ್ದರೆ ನಾದಿನಿಯ ಕೆಲಸ ಹೋಗುತ್ತಿತ್ತು, ಮನೆ ಎರಡಾಗುತ್ತಿತ್ತು. ಪ್ರಾಮಾಣಿಕತೆ ನನ್ನದು, ಅದಕ್ಕೆ ತೆತ್ತವಳು ಒಂಬತ್ತು ವರ್ಷದ ಹುಡುಗಿ. ನನ್ನ ಕೂದಲೂ ಕೊಂಕಲಿಲ್ಲ.

ಮಾರ್ಚ್ 4

ಮರುಪರೀಕ್ಷೆ ಕೇಳಿದೆ. ಉಳಿದವರು ಹೇಗೆ ಪಾಸಾದರು ಎಂದು ಬರೆದುಕೊಡಿ, ಮೇಲೆ ಕಳಿಸುತ್ತೇನೆ ಎಂದರು ಹೆಡ್‌ಮಾಸ್ಟರ್. ನಗುತ್ತಿದ್ದರು. ಬರೆಯುವುದಿಲ್ಲ ಎಂದು ಗೊತ್ತು ಅವರಿಗೆ.

ಸಂಜೆ ನಾದಿನಿ, ಬಟ್ಟೆ ಮಡಚುತ್ತಲೇ: “ಬರೀರಿ ಅತ್ತಿಗೆ. ಯಾರು ಬೇಡ ಅಂದ್ರು? ಅಣ್ಣಂಗೆ ಮಾತ್ರ ಮುಂಚೆ ಹೇಳ್ಬಿಡಿ.”

ಹೇಳಲಿಲ್ಲ. ಬರೆಯಲೂ ಇಲ್ಲ.

ಮಾರ್ಚ್ 14

ಸಾಸಿವೆ ವಿಶೇಷ ವಿಭಾಗಕ್ಕೆ ಹೋಗಿ ನಾಲ್ಕು ದಿನ. ಇವತ್ತು ಅಂಗಳದಲ್ಲಿ ಎದುರಾದಳು. ತಪ್ಪಿಸಿಕೊಂಡು ಹೋಗಲು ಹವಣಿಸಿದವಳು ನಾನು.

“ಮಿಸ್, ನಾನು ಯಾವ ಪದ ತಪ್ಪು ಓದ್ದೆ?”

ಯಾವುದೂ ಇಲ್ಲ ಎಂದೆ.

“ಮತ್ತೆ?”

ಬೆಲ್ ಹೊಡೆಯಿತು. ಹೋದಳು.

ಮಾರ್ಚ್ 15, ಬೆಳಿಗ್ಗೆ 6:30

ಐದಕ್ಕೇ ಎದ್ದೆ. ಎದುರಿಗೆ ಎರಡು ಹಾಳೆ. ಒಂದು ಇದು. ಇನ್ನೊಂದು ಅಧಿಕಾರಿಗೆ — ‘ಮಾನ್ಯರೇ’, ಆಮೇಲೆ ಮೂರು ಸಾಲು. ಪಾಠ ಮೊದಲೇ ಬಯಲಾಗಿತ್ತು ಎಂಬಲ್ಲಿಯವರೆಗೆ ಬಂದಿದೆ.

ಬಚ್ಚಲಿನಲ್ಲಿ ನಾದಿನಿ ಮುಖ ತೊಳೆಯುವ ಸದ್ದು. ಇವರು ಎದ್ದು ಬಂದು ಏನು ಬರೀತಿದ್ದೀಯ ಎಂದರು. ಡೈರಿ ಎಂದೆ. ಸರಿ ಎಂದು ಹಾಲು ತರಲು ಹೋದರು.

ಅದರ ಮುಂದಿನ ಸಾಲಿನಲ್ಲಿ ನಾದಿನಿಯ ಹೆಸರು ಬರೆಯಬೇಕು. ಪೆನ್ನಿನ ಮುಳ್ಳು ಆ ಹಾಳೆಗೆ ತಾಗಿಸಿ ತೆಗೆದೆ. ಅಲ್ಲೊಂದು ಚುಕ್ಕೆ ಮೂಡಿ ದೊಡ್ಡದಾಗುತ್ತಿದೆ. ನಲ್ಲಿ ನಿಂತಿತು. ಬಚ್ಚಲ ಬಾಗಿಲು ತೆಗೆ—