ಸರಬರ ಅನ್ನುವ ಕೌದಿ

ದಾಕ್ಷಿ,

ಮಡಿಕೇರಿ ಬಸ್ಸಿಗೆ ಹೊರಟೆ, ಸಂಜೆಗೆ ಬರ್ತೀನಿ. ನೀನು ಕತ್ತರಿಸಿಟ್ಟ ಕೌದಿ ತುಂಡುಗಳನ್ನು ನೋಡಿದೆ. ಅಚ್ಚಿಗೆ ಇಡೋ ಕಾಗದದ ಅಳತೆಗೇ ಬಟ್ಟೆ ಕತ್ತರಿಸಿದರೆ ಮಡಚೋದು ಏನನ್ನೇ? ಸುತ್ತ ಒಂದು ಬೆರಳಗಲ ಬಿಡು. ಅಂಚನ್ನು ಕಾಗದದ ಮೇಲೆ ಮಡಚಿ ಹೊಲಿ. ತುಂಡು ಜೋಡಿಸಿದ ಮೇಲೆ ಕಾಗದ ಕಿತ್ತು ತೆಗೆ.

ಹೋದ ಸಲ ಎಲೆಕ್ಷನ್ ಕರಪತ್ರಗಳನ್ನು ಒಳಗೇ ಮರೆತು ಹೊಲಿದೆಯಲ್ಲ, ಆ ಕೌದಿ ಮಾತ್ರ ಬಿಚ್ಚಬೇಡ. ಮಧ್ಯಾಹ್ನ ಅಜ್ಜ ಮಲಗಿದಾಗ ಅದನ್ನೇ ಹೊದೆಸು. ಡಾಕ್ಟರು ಸಿಹಿ ಮುಟ್ಟಬೇಡಿ ಅಂದ ಮೇಲೂ ಬೆಲ್ಲದ ಡಬ್ಬಿ ಬರಿದಾಗ್ತಾನೇ ಇದೆ. ಅಜ್ಜ ಮಗ್ಗುಲು ಬದಲಿಸಿದರೂ ಆ ಕೌದಿ ಸರಬರ ಅನ್ನುತ್ತೆ. ಎದ್ದರಂತೂ ನಿನಗೆ ಹಿತ್ತಲಿಗೇ ಕೇಳುತ್ತೆ.

ಇದೇನೇ ಸದ್ದು ಅಂತ ಕೇಳಿದರೆ, ನನಗೆ ಹೊಲಿಯೋಕೆ ಬರಲ್ಲ ಅಜ್ಜ ಅನ್ನು. ಸುಳ್ಳೇನೂ ಅಲ್ಲವಲ್ಲ.

ಅಜ್ಜಿ