ಮೂತಿಯಲ್ಲಿ ನಿಂತವರು

ಮಾರ್ಚ್ 3, ಬೆಳಿಗ್ಗೆ 6.30
ಬ್ಯಾಟರಿ ಫುಲ್. ನೀರಿನ ಟ್ಯಾಂಕ್ ಅರ್ಧ. ಗಾಳಿ ಇಲ್ಲ. ಚಹಾ ಎರಡನೇ ಸಲ. ಮೊದಲನೆಯದನ್ನು ಓರಗಿತ್ತಿ ಮಾಡಿದ್ದಳು, ಅದನ್ನು ಚಹಾ ಎನ್ನಲು ಧೈರ್ಯ ಬೇಕು.

ಅವಳು ದೋಣಿ ಹತ್ತಿದ ಮೇಲೆ ಯಾವ ವಸ್ತುವೂ ಇದ್ದಲ್ಲಿಲ್ಲ. ಸ್ಕ್ರೂಡ್ರೈವರ್ ಚಮಚಗಳ ಡಬ್ಬಿಯಲ್ಲಿ. ಟಾರ್ಚ್ ದಿಂಬಿನ ಕವರಿನಲ್ಲಿ. ಕೇಳಿದರೆ, "ಅಲ್ಲೇ ಸುಲಭಕ್ಕೆ ಸಿಗುತ್ತಲ್ಲ ಅಕ್ಕ." ಸಿಗುತ್ತದೆ. ಅವಳಿಗೆ.

ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ದಿನದಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಈಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಮ್ಮ ಯಜಮಾನರು ಬಿಟ್ಟುಹೋದದ್ದು ಈ ದೋಣಿ. ಮಗನದು ಒಂದೇ ಹಟ. "ಒಬ್ಬಳೇ ಇರೋದಾದ್ರೆ ದೋಣಿ ಮಾರಿಬಿಡಮ್ಮ. ಜೊತೆಗೆ ಒಬ್ರು ಇದ್ರೆ ನಾನು ತುಟಿ ಬಿಚ್ಚಲ್ಲ." ಬಂಧುಬಳಗವನ್ನೆಲ್ಲ ಜಾಲಾಡಿದ ಮೇಲೆ ಸಿಕ್ಕಿದ್ದು ಇವಳು. ಬೇಸಿಗೆ ಮುಗಿಯುವವರೆಗೆ ನೋಡೋಣ ಎಂದು ಬಂದಿದ್ದಾಳೆ. ಇವಳು ಇಳಿದರೆ ನಾನೂ ಇಳಿಯಬೇಕು. ಹಾಗಾಗಿ ಟಾರ್ಚ್ ದಿಂಬಿನ ಕವರಿನಲ್ಲೇ ಇರಲಿ.

ಮಾರ್ಚ್ 5
ದಡದ ಕಟ್ಟೆಗೆ, ಅಂದರೆ ಜೆಟ್ಟಿಗೆ, ದೋಣಿ ಕಟ್ಟಿ ನಿಂತಿದ್ದೇವೆ. ಇಂದು ದೊಡ್ಡ ಕೆಲಸ. ಲಂಗರಿನ ಸರಪಳಿ ಪೂರ್ತಿ ಹೊರಗೆಳೆದು ಜೆಟ್ಟಿಯ ಮೇಲೆ ಹಾಸಿದೆ. ಲಂಗರಿನ ಕಡೆಯ ತುದಿ ಉಪ್ಪುನೀರು ಕುಡಿದೂ ಕುಡಿದೂ ತುಕ್ಕು. ದೋಣಿಯೊಳಗೇ ಉಳಿಯುವ ತುದಿ ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಸರಿ, ತಿರುಗಿಸಿ ಹಾಕಿದೆ. ಒಳ್ಳೆಯ ತುದಿ ಈಗ ಲಂಗರಿಗೆ, ತುಕ್ಕು ಹಿಡಿದದ್ದು ಒಳಕ್ಕೆ. ಒಬ್ಬಳೇ ಮಾಡಿದ್ದು. ಅವಳು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು.

"ಅಕ್ಕ, ಸೊಂಟ ಹುಷಾರು" ಎಂದಳು. ಮೂವತ್ತು ವರ್ಷ ರೋಗಿಗಳನ್ನು ಎತ್ತಿ ಮಲಗಿಸಿದ ಹೆಡ್ ನರ್ಸ್ ಸೊಂಟ ಕಣೇ ಇದು ಎಂದೆ. ಸಂಜೆ ಅದೇ ಸೊಂಟಕ್ಕೆ ಅವಳ ಕೈಯಲ್ಲೇ ಮುಲಾಮು ಹಚ್ಚಿಸಿಕೊಂಡೆ. ನಗುತ್ತಿದ್ದಾಳೆಂದು ಬೆನ್ನಿಗೇ ಗೊತ್ತಾಯಿತು.

ಮಾರ್ಚ್ 6
ಅವಳಿಗೆ ಲಂಗರಿನ ಪಾಠ. ಇಷ್ಟು ದಿನ ಜೆಟ್ಟಿಯಿಂದ ಜೆಟ್ಟಿಗೆ ಹೋದದ್ದೇ ಆಯಿತು. ಇನ್ನು ಕೊಲ್ಲಿಗಳಲ್ಲಿ ನಿಲ್ಲುವುದು. ಸರಪಳಿ ಉದ್ದ ಬಿಟ್ಟಷ್ಟೂ ಲಂಗರು ಗಟ್ಟಿಯಾಗಿ ಕಚ್ಚುತ್ತದೆ. ಎಷ್ಟು ಬಿಟ್ಟೆವೆಂದು ತಿಳಿಯಲು ಸರಪಳಿಗೆ ಯಜಮಾನರು ಕಟ್ಟಿದ ಬಟ್ಟೆ ಚೂರುಗಳಿವೆ. ಬಿಡುತ್ತಾ ಹೋದಂತೆ ಮೊದಲು ಕೆಂಪು, ಆಮೇಲೆ ಹಳದಿ, ಹಸಿರು, ಕೊನೆಗೆ ನೀಲಿ. ನೀಲಿ ಕಂಡರೆ ಸರಪಳಿ ಮುಗಿಯಿತು, ಗಟ್ಟಿಯಾಗಿ ಕಟ್ಟು. ಅಷ್ಟೇ ವಿದ್ಯೆ. ಎರಡು ಸಲ ಒಪ್ಪಿಸಿದಳು.

ಅವರ ಕಾಲದಲ್ಲಿ ಇನ್ನೊಂದು ಕಟ್ಟಳೆ ಇತ್ತು. ದೋಣಿಯ ಮುಂತುದಿಗೆ ಅವರು ಮೂತಿ ಎನ್ನುತ್ತಿದ್ದರು. ಲಂಗರು ಹಾಕುವಾಗ ಮೂತಿಯಲ್ಲಿ ನಿಂತವರು ಹೇಳಿದ್ದೇ ಕೊನೆ. ಚುಕ್ಕಾಣಿ ಹಿಡಿದವರು ಪ್ರಶ್ನೆ ಕೇಳುವಂತಿಲ್ಲ. ನೀರು ಕಾಣುವುದು, ಸರಪಳಿಯ ಎಳೆತ ಕೈಗೆ ತಿಳಿಯುವುದು ಮುಂದಿದ್ದವರಿಗೆ ತಾನೇ. ಅವರು ಮೂತಿಯಲ್ಲಿ, ನಾನು ಚುಕ್ಕಾಣಿಯಲ್ಲಿ. ಒಂದು ದಿನವೂ ಎದುರಾಡಲಿಲ್ಲ. ಮನೆಯಲ್ಲಿ ಆಡಿದ್ದೇನೆ, ಅದು ಬೇರೆ.

ಅವಳಿಗೆ ಇದನ್ನು ಹೇಳಲಿಲ್ಲ. ಹೊಸಬಳು... ತಲೆಗೇರೀತು.

ಮಾರ್ಚ್ 9, ಸಂಜೆ
ಹಾಯಿ ಬಿಚ್ಚಿ ಒಳ್ಳೆಯ ಓಟ. ಜೆಟ್ಟಿ ಬಿಟ್ಟು ಮೊದಲ ಸಲ ಲಂಗರು. ಸಣ್ಣ ಕೊಲ್ಲಿ, ಹಿಂದೆ ಬಂಡೆ ಸಾಲು, ದಡದಲ್ಲಿ ಒಂದು ಬಿಳಿ ಗೋದಾಮು. ನಾನು ಚುಕ್ಕಾಣಿಯಲ್ಲಿ, ಅವಳು ಮೂತಿಯಲ್ಲಿ. ಲಂಗರು ಇಳಿಸಿದಳು. ಸ್ವಲ್ಪ ಹೊತ್ತಿಗೇ ಕೂಗಿದಳು, "ನೀಲಿ ಬಂತು!"

ಮಾತಾಡುತ್ತಾ ಮೂರು ಬಣ್ಣ ನುಂಗಿದ್ದಾಳೆ ಎಂದುಕೊಂಡೆ. "ಕಟ್ಟು" ಎಂದೆ.

"ಒಳಗೆ ಇನ್ನೂ ರಾಶಿ ಬಿದ್ದಿದೆ ಅಕ್ಕ."

"ಅದು ಹಳೇ ಹಗ್ಗ. ನೀಲಿ ಅಂದ್ರೆ ಮುಗೀತು ಅಂತ ಹೇಳಿಲ್ವಾ? ಕಟ್ಟು."

"ಹಗ್ಗ ಅಲ್ಲ ಅಕ್ಕ, ಕಣ್ಣೆದುರಿಗೇ..."

"ಕಟ್ಟು ಅಂದ್ರೆ ಕಟ್ಟು."

ಕಟ್ಟಿದಳು. ಮುಖ ಊದಿಸಿಕೊಂಡು ಒಳಗೆ ಹೋದಳು. ನಾಳೆ ಸರಿಹೋಗುತ್ತಾಳೆ.

ಮಾರ್ಚ್ 10, ಸಂಜೆ 5
ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಗಾಳಿ ಎದ್ದಿತ್ತು. ಅವಳು ಬಂದು ಎಬ್ಬಿಸಿದಳು. ಬಟ್ಟೆ ಒಣಹಾಕುವಾಗ ಗೋದಾಮು ಪಕ್ಕದಲ್ಲೇ ಇತ್ತಂತೆ, ಈಗ ಮುಂದೆ ದೂರ ಸರಿದಿದೆಯಂತೆ. "ದೋಣಿ ಸ್ವಲ್ಪ ತಿರುಗಿರುತ್ತೆ, ಮಲಗೋಕೆ ಬಿಡು" ಎಂದೆ. ಅವಳು ಕೈ ಹಿಡಿದು ಎಳೆದೇ ಎಬ್ಬಿಸಿದಳು. ಮೇಲೆ ಬಂದು ನೋಡಿದರೆ ಲಂಗರು ಕಿತ್ತು ಜಾರುತ್ತಿದೆ. ಹಿಂದಿನ ಬಂಡೆಗಳು ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ.

ಇಂಜಿನ್ ಹಾಕಿದೆ. ಅವಳು ನನ್ನನ್ನು ಕೇಳಲಿಲ್ಲ. ಮೂತಿಗೆ ಓಡಿ, ಕಟ್ಟಿದ್ದನ್ನು ಬಿಚ್ಚಿ, ಸರಪಳಿ ಬಿಟ್ಟಳು. ಬಂತು, ಬಂತು, ಬರುತ್ತಲೇ ಇತ್ತು. "ಹಸಿರು!" ಎಂದಳು. "ಹಳದಿ!" ಆಮೇಲೆ "ಕೆಂಪು!" ದೋಣಿ ಒಮ್ಮೆ ಜಗ್ಗಿ ನಿಂತಿತು. ಲಂಗರು ಕಚ್ಚಿತ್ತು.

ಕೊನೆಗೆ ಕೆಂಪು. ಕೇಳಿದೊಡನೆ ತಿಳಿಯಿತು. ಸರಪಳಿ ತಿರುಗಿಸಿ ಹಾಕಿದವಳು ನಾನು. ತುದಿ ತಿರುಗಿದರೆ ಬಣ್ಣವೂ ತಿರುಗುತ್ತದೆ, ಒಂದನೇ ಕ್ಲಾಸಿನ ಮಗು ಹೇಳುತ್ತಿತ್ತು. ನಿನ್ನೆ ನಾವು ಬಿಟ್ಟದ್ದು ಅಷ್ಟುದ್ದದಲ್ಲಿ ಒಂದು ತುಂಡು ಮಾತ್ರ.

ಮುಚ್ಚಿಡುವ ಜಾಯಮಾನ ನನ್ನದಲ್ಲ. ಅಲ್ಲೇ ಹೇಳಿದೆ. ತಪ್ಪು ನನ್ನದು, ಬಣ್ಣ ಉಲ್ಟಾ ಆಗಿದೆ, ನಿನ್ನದೇನೂ ಇಲ್ಲ. ಸಮಾಧಾನವಾದೀತು ಎಂದುಕೊಂಡಿದ್ದೆ.

"ಬಣ್ಣದ ಮಾತಲ್ಲ ಅಕ್ಕ" ಎಂದಳು. ಅಂಗೈ ಸುಲಿದು ಹೋಗಿತ್ತು, ಅದನ್ನೇ ನೋಡುತ್ತಿದ್ದಳು. "ಕಣ್ಣಾರೆ ಕಂಡು ಹೇಳಿದೆ, ನೀವು ಕೇಳಲಿಲ್ಲ. ಆ ಮನೇಲೂ ಹೀಗೇ. ಹಾಲು ಉಕ್ಕುತ್ತಿದೆ ಅಂದ್ರೂ ನೀವು ಬಂದು ನೋಡಿದ ಮೇಲೇ ಉಕ್ಕಬೇಕಿತ್ತು. ಮುಂದಿನ ಬಂದರಲ್ಲಿ ನಾನು ಇಳೀತೀನಿ. ಅಲ್ಲಿಂದ ಬಸ್ಸಿದೆ."

ಅಂಗೈಗೆ ಔಷಧಿ ಹಾಕಿ ಪಟ್ಟಿ ಕಟ್ಟಿದೆ. ಕಟ್ಟಿಸಿಕೊಂಡಳು.

ಮಾರ್ಚ್ 13
ಗಾಳಿ ಇಳಿದಿಲ್ಲ. ಇಲ್ಲೇ. ಟಾರ್ಚ್ ಇದ್ದಲ್ಲಿಗೇ ಬಂದಿದೆ. ಸ್ಕ್ರೂಡ್ರೈವರ್ ಕೂಡ. ನನಗೆ ಯಾವುದೂ ಸಿಗುತ್ತಿಲ್ಲ.

ಮಾರ್ಚ್ 14
ಬೆಳಿಗ್ಗೆ ಗಾಳಿ ಸ್ವಲ್ಪ ಬಿಡುವು ಕೊಟ್ಟಿತ್ತು. ನೋಡಿದರೆ ಸರಪಳಿಯನ್ನು ನೀಲಿಯವರೆಗೆ ಒಳಗೆಳೆದುಕೊಂಡು, ಮೂತಿಯಲ್ಲಿ ಕೂತು ಬಟ್ಟೆ ಚೂರುಗಳನ್ನು ಬಿಚ್ಚಿ ಸರಿಯಾದ ಕ್ರಮದಲ್ಲಿ ಕಟ್ಟುತ್ತಿದ್ದಾಳೆ. ಪಟ್ಟಿ ಕಟ್ಟಿದ ಕೈಯಲ್ಲೇ. ಹಳೆಯ ಕೆಂಪು ಲಡ್ಡಾಗಿತ್ತೆಂದು ತನ್ನ ಶಾಲಿನ ಕೆಂಪು ಅಂಚು ಹರಿದಿದ್ದಳು.

"ಇಳಿಯೋಳಿಗೆ ಇದೆಲ್ಲ ಯಾಕೆ?"

"ಮುಂದೆ ಬರೋರಿಗೆ ಬೇಕಲ್ಲ."

ಮುಂದೆ ಯಾರೂ ಬರುವುದಿಲ್ಲ. ಅವಳಿಗೂ ಗೊತ್ತು. ಪಕ್ಕದಲ್ಲಿ ಕೂತೆ. ಆಗ ಆ ಕಟ್ಟಳೆ ಹೇಳಿದೆ. ಮೂತಿಯಲ್ಲಿ ನಿಂತವರು ಹೇಳಿದ್ದೇ ಕೊನೆ, ಚುಕ್ಕಾಣಿ ಹಿಡಿದವರು ಪ್ರಶ್ನೆ ಕೇಳುವಂತಿಲ್ಲ.

"ಭಾವ ಮಾಡಿದ್ದಾ?"

"ಹೂಂ."

"ನೀವು ಕೇಳ್ತಿದ್ರಾ?" ಅವಳ ಕಣ್ಣು ದೊಡ್ಡದಾಯಿತು. "ನೀವು?"

"ಕೇಳ್ತಿದ್ದೆ. ನಿನಗೆ ಬೇಕೆಂದೇ ಹೇಳಲಿಲ್ಲ. ನಿನ್ನ ಮಾತು ಕೇಳಬೇಕಾಗುತ್ತಲ್ಲ ಅಂತ."

ಗಂಟು ಬಿಗಿದಳು. ಇರು ಎಂದು ಕೇಳಬೇಕಿತ್ತು. ವಾರ್ಡಿನಲ್ಲಿ ಡಾಕ್ಟರುಗಳನ್ನೇ ಗದರಿಸಿದ ಬಾಯಿ, ಮುಂದಿನ ಚೂರು ಕೊಡಲಾ ಎಂದಷ್ಟೇ ಕೇಳಿತು.

ಮಾರ್ಚ್ 16, ಮಧ್ಯಾಹ್ನ 3
ಬೆಳಿಗ್ಗೆ ಹೊರಟೆವು. ಅವಳ ಬ್ಯಾಗ್ ಕ್ಯಾಬಿನ್ ಬಾಗಿಲ ಬಳಿ ರೆಡಿ. ಮಗನಿಗೆ ಫೋನ್ ಮಾಡಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮಾರುವುದಾದರೆ ನಾನೇ ನಿಂತು ಮಾರುತ್ತೇನೆ, ಯಾರ ಕನಿಕರವೂ ಬೇಡ.

ಬಂದರು ಬಂತು. ಬಸ್ ಸ್ಟ್ಯಾಂಡ್ ದೋಣಿಯಿಂದಲೇ ಕಾಣುತ್ತದೆ. ಎರಡು ಬಸ್ ನಿಂತಿದ್ದವು. ವೇಗ ಇಳಿಸಿದೆ. ಅವಳು ಮೂತಿಯಲ್ಲಿ, ಲಂಗರಿನ ಮೇಲೆ ಕೈ ಇಟ್ಟುಕೊಂಡು. ಬಸ್ಸುಗಳನ್ನು ನೋಡಿದಳು. ನೀರು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಇಲ್ಲಿ ಬೇಡ ಅಕ್ಕ" ಎಂದು ಕೂಗಿದಳು. "ತಳ ಸರಿಯಿಲ್ಲ. ಬರೀ ಕೆಸರು. ಲಂಗರು ಹಿಡಿಯಲ್ಲ."

ಈ ಬಂದರಿನಷ್ಟು ಗಟ್ಟಿ ತಳ ಈ ಕಡಲಂಚಿನಲ್ಲಿ ಇನ್ನೆಲ್ಲೂ ಇಲ್ಲ. ಯಜಮಾನರೂ ನಾನೂ ಎಷ್ಟೋ ಸಲ ಇಲ್ಲೇ ನಿಂತಿದ್ದೇವೆ, ಬಿರುಗಾಳಿಯಲ್ಲೂ ಅಲುಗಿಲ್ಲ. ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ. ಅವಳು ತಿರುಗಿ ನನ್ನನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು.

"ಎಲ್ಲಿಗೆ?" ಎಂದೆ. ಅಷ್ಟು ಕೇಳಬಹುದು.

ಕೈ ಎತ್ತಿ ಬಂದರಿನ ಆಚೆಗೆ, ತೆರೆದ ನೀರಿಗೆ ತೋರಿಸಿದಳು. ಚುಕ್ಕಾಣಿ ತಿರುಗಿಸಿದೆ. ಕಣ್ಣು ಮಂಜಾಗಿತ್ತು, ಅತ್ತುಬಿಟ್ಟೆ. ಹೌದು, ಅತ್ತುಬಿಟ್ಟೆ. ಅವಳು ಮುಂದೆ ನೋಡುತ್ತಿದ್ದಳು, ಒಳ್ಳೆಯದಾಯಿತು.

ಸಂಜೆ 5.40
ಆಟೋಪೈಲಟ್ ಹಾಕಿ ಬರೆಯುತ್ತಿದ್ದೇನೆ. ಹೊಸ ಕೊಲ್ಲಿ ಎದುರಿಗಿದೆ. ಬ್ಯಾಗ್ ಬಾಗಿಲ ಬಳಿ ಇಲ್ಲ. ಟಾರ್ಚ್ ಮತ್ತೆ ದಿಂಬಿನ ಕವರಿನಲ್ಲಿದೆ, ಈಗ ತಾನೇ ಮುಟ್ಟಿ ನೋಡಿದೆ. ಚಹಾ ಅವಳೇ ಮಾಡಿದಳು. ಕುಡಿದೆ.

ಮಗನಿಗೆ ಏನು ಹೇಳಬೇಕೆಂದು ಬರೆಯುವುದಿತ್ತು, ಆದರೆ ಮೂತಿಯಿಂದ ಕರೆಯುತ್ತಿದ್ದಾಳೆ. ಇಲ್ಲೇ ಅಂತೆ. ನನ್ನ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಒಳ್ಳೆಯದು, ಆದರೆ ಅವಳು ಇಲ್ಲೇ ಎಂದ ಮೇಲೆ—